ಮನೆಗೆ ಬಂದು ಕೊರೊನಾ ಟೆಸ್ಟಿಗೆ ಸ್ವಾಬ್ (ಮೂಗು-ಗಂಟಲಿನ ಸ್ಯಾಂಪಲ್) ತಗೋತೀವಿ ಅನ್ನೋರನ್ನ ನಂಬಬ್ಯಾಡ್ರಿ, ಬೆಳಗಾವಿ ಮಂದಿ ದಯವಿಟ್ಟು ಪೂರ್ತಿ ಓದ್ರಿ (ಮೇ 2021)

ಇವತ್ತ ಮುಂಜಾನೆ ನಮಗ ಮೋಸ ಮಾಡಿದವನ ಅದ ಮೆಸೇಜು ಇನ್ನೊಂದು ಗ್ರೂಪ್‌ನಾಗ ಬಂದೈತಿ. "ಮನೆಗೇ ಬರ್ತೀವಿ, 24 ತಾಸಿನಾಗ ಆರ್‌ಟಿಪಿಸಿಆರ್ (ಕೊರೊನಾ ಟೆಸ್ಟ್) ರಿಪೋರ್ಟ್", ಕೆಳಗ ಅದ ನಂಬರ. ನೋಡಿದ ಕೂಡ್ಲೇ ಕೈ ನಡುಗಾಕತ್ತು. ಯಾಕಂದ್ರ ಈ ಮೆಸೇಜನ್ನ ಹೋದ ತಿಂಗಳ ನಾನೂ ಇಬ್ಬರಿಗೆ ಫಾರ್ವರ್ಡ್ ಮಾಡೀನಿ. ಹೇಳಾಕ ನಾಚಿಕಿ ಆಗತೈತಿ, ಆದ್ರ ಸುಮ್ನ ಕುಂತ್ರ ಇನ್ನೊಂದು ಮನಿ ಹಾಳಾಗತೈತಿ, ಅದಕ್ಕ ಬರ್ಯಾಕತ್ತೀನಿ.

ನಮ್ಮದು ಮಹಾಂತೇಶ ನಗರ. 2021ರ ಏಪ್ರಿಲ್ 17ಕ್ಕ ಉಪಚುನಾವಣೆ ಮುಗೀತು, ಅದರ ಬೆನ್ನಿಗೇ ನಮ್ಮ ಓಣ್ಯಾಗ ಮನಿಗೊಬ್ಬರಿಗೆ ಜ್ವರ. ಅವ್ವಗೂ ಬಂತು. ಎರಡ ದಿನ ಮೈಕೈನೋವು ಅಂದ್ಲು, ಮೂರನೇ ದಿನ ಒಗ್ಗರಣಿ ವಾಸನೀನ ಬರವಲ್ದು ಅಂದಾಗ ನನ್ನ ಎದಿ ಧಸಕ್ ಅಂತು. ಅಪ್ಪಗ 63, ಸಕ್ಕರಿ ಕಾಯಿಲೆ ಬ್ಯಾರೆ. 27ರಿಂದ ಎಲ್ಲಾ ಬಂದ್ ಮಾಡಿದ್ರು, ಅಂಗಡಿ ಮುಂಜಾನೆ 6ರಿಂದ 10ರ ತನಕ ಅಷ್ಟ, ಅಂಥಾದ್ರಾಗ ಜ್ವರ ಇದ್ದಾಕಿನ ಬಿಸಲಾಗ ಪಾಳಿಗೆ ನಿಲ್ಲಸೋದು ಹೆಂಗ ಅಂತ ವಿಚಾರ ಮಾಡಿ 29ನೇ ತಾರೀಖು ಮುಂಜಾನೆ 9ಕ್ಕ ಆ ನಂಬರಿಗೆ ಫೋನ್ ಹಚ್ಚಿದೆ. ಎಷ್ಟ್ ಛಂದ ಮಾತಾಡಿದ ಅಂತೀರಿ. "ಕಾಕೂನ್ನ ಎಬ್ಬಸಬ್ಯಾಡ್ರಿ ಅಕ್ಕಾರ, ನಾವೇ ಬರ್ತೀವಿ." ರೊಕ್ಕ 2000. ಆಗ ಸರ್ಕಾರ ಮಾಡಿದ್ದ ರೇಟು ಖಾಸಗಿ ಲ್ಯಾಬಿನ್ಯಾಗ 800, ಮನೆಗೆ ಬಂದ್ರ 1200 ಅಂತ ನನಗ ಗೊತ್ತಿತ್ತು, ಕೇಳಿದೆ ಕೂಡ. "ಪಿಪಿಇ ಕಿಟ್ ಚಾರ್ಜ್ ರೀ" ಅಂದ, ಮೈತುಂಬ ಹಾಕ್ಕೊಳ್ಳೋ ಆ ಅಂಗಿದು. ಹೊತ್ತು ಅಂಥಾದ್ದು, ಆತು ಬಿಡಪಾ ಅಂದೆ.

11ಕ್ಕ ಬಂದ. ಪಿಪಿಇ ಕಿಟ್ ಎಲ್ಲೈತಿ, ಮಾಸ್ಕ್ ಒಂದ ಇತ್ತು. ಅವ್ವಗ ಬಾಯಿ ತಗೀರಿ ಅಂದ, ನಾಲಿಗಿ ಮ್ಯಾಲೆ ಕಡ್ಡಿ ಆಡಿಸಿದ, ತಗದ. ಮೂಗಿನ ಹತ್ರ ಸುಮ್ನ ತುದಿ ಮುಟ್ಟಿಸಿದ. ಅಷ್ಟ. 2020ರಾಗ ನನ್ನ ಸ್ವಾಬ್ ತಗೊಂಡಾಗ ಕಡ್ಡಿ ಮೂಗಿನ ಹಿಂದಿನ ತನಕ ಹೋಗಿ ಕಣ್ಣಾಗ ನೀರ ಬಂದಿದ್ವು, ಒಳಗ ತಿರಿಗಿಸಿ, ಟ್ಯೂಬಿನ ದ್ರಾವಣದಾಗ ಇಟ್ಟು, ಉಳಿದ ಕಡ್ಡಿ ಮುರದು, ಮುಚ್ಚಿ, ಹೆಸರು ಬರೆದು, ಐಸ್ ಡಬ್ಬಿಯಾಗ ಇಟ್ಟಿದ್ರು. ಇವ ಕಡ್ಡೀನ ತಿರುಗಿ ಅದರ ಕವರಿನ್ಯಾಗ ಹಾಕಿ ಗಾಡಿ ಡಿಕ್ಕಿಯಾಗ ಒಗದ. ಏಪ್ರಿಲ್ ಬಿಸಲು, ಸೀಟು ಕೈ ಹಚ್ಚಿದ್ರ ಸುಡತಿತ್ತು! ನಾ ಗೇಟಿನ್ಯಾಗ ನಿಂತು ನೋಡಾಕತ್ತಿದ್ದೆ. ಎಲ್ಲಾ ಕಣ್ಣಿಗೆ ಕಂಡೈತಿ, ಬಾಯಿ ಬಿಟ್ಟು ಒಂದ ಮಾತು ಕೇಳಲಿಲ್ಲ. ಅದ ಇವತ್ತಿಗೂ ನುಂಗಾಕ ಆಗವಲ್ದು.

ಮೊಬೈಲಿಗೆ ಎಸ್ಆರ್‌ಎಫ್ ಐಡಿ (ಸ್ಯಾಂಪಲ್ಲಿನ ಸರ್ಕಾರಿ ನಂಬರ) ಬರಲಿಲ್ಲಲ್ಲ ಅಂದೆ. "ಸರ್ವರ್ ಬಿಜಿ ಐತ್ರಿ ಅಕ್ಕಾರ, ಸಂಜಿಕ ಬರತೈತಿ." ಸಂಜಿಕ ಬರಲಿಲ್ಲ. ಮರುದಿನ ವಾಟ್ಸಾಪ್‌ನಾಗ ಪಿಡಿಎಫ್ ಬಂತು, ನೆಗೆಟಿವ್. ಮನಿಮಂದಿಗೆಲ್ಲ ಹೋದ ಜೀವ ಬಂದಂಗ ಆತು. ಅವ್ವ ಕೋಲಿ ಬಿಟ್ಟು ಹೊರಗ ಬಂದ್ಲು, ಅಡಗಿಮನಿ ಹೊಕ್ಕಳು, ಅಪ್ಪನ ಬಾಜೂಕ ಕುಂತು ಚಾ ಕುಡದ್ಲು. ಬಾಜೂ ಮನಿ ಅಜ್ಜಿಗೆ ದಿನಾ ಕಣ್ಣಿಗೆ ಡ್ರಾಪ್ಸ್ ಹಾಕೋದು ನಮ್ಮವ್ವನ ಕೆಲಸ, ಅದನ್ನೂ ಶುರು ಮಾಡಿದ್ಲು. ನಾನು ಆ ಖುಷಿಯಾಗ ನಂಬರ ಇಬ್ಬರಿಗೆ ಕಳಿಸಿದೆ, "ಬಾಳ ಛಲೋ ಸರ್ವಿಸ್" ಅಂತ ಬರೆದು.

ಮೇ 5ಕ್ಕ ರಾತ್ರಿ ಅಪ್ಪಗ ದಮ್ಮು ಹತ್ತಿತು. ಆಕ್ಸಿಮೀಟರ್ ಹಚ್ಚಿದ್ರ ರಕ್ತದಾಗ ಆಕ್ಸಿಜನ್ 86. ಮಷಿನ್ ಕೆಟ್ಟಿರಬೇಕು ಅಂತ ನನ್ನ ಬೆರಳಿಗೆ ಹಚ್ಚಿಕೊಂಡೆ, 98. ದವಾಖಾನಿಗೆ ಓಡಿದ್ವಿ, ಅಲ್ಲಿ ಆಂಟಿಜೆನ್ ಟೆಸ್ಟ್ ಮಾಡಿದ್ರು, ಎರಡೂ ಗೆರಿ ಬಂದ್ವು, ಪಾಸಿಟಿವ್. ಮನ್ಯಾಗ ಯಾರಿಗರೆ ಇತ್ತೇನು ಅಂತ ಡಾಕ್ಟರ್ ಕೇಳಿದ್ರು. ಇಲ್ರೀ, ಅವ್ವಗ ಜ್ವರ ಬಂದಿತ್ತು ಖರೆ, ಆದ್ರ ನೆಗೆಟಿವ್ ಬಂದೈತಿ ಅಂತ ಭಾರಿ ಧೈರ್ಯದಿಂದ ಮೊಬೈಲ್ ಮುಂದ ಹಿಡದೆ. ಅವರು ನೋಡಿದ್ರು. "ಸ್ಯಾಂಪಲ್ ಯಾವಾಗ ಕೊಟ್ಟೀರಿ?" 29ಕ್ಕ ಅಂದೆ. "ಇದರಾಗ 28ನೇ ತಾರೀಖು ಸಂಜಿ 5:40 ಐತಲ್ಲಮ್ಮ."

28ಕ್ಕ ನಾ ಅವಗ ಫೋನ್ ಕೂಡ ಮಾಡಿರಲಿಲ್ಲ.

ಎಸ್ಆರ್‌ಎಫ್ ಐಡಿ ಜಾಗಾ ಖಾಲಿ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡ್ರಿ ಅಂದ್ರು, ಮಾಡಿದೆ, ಯಾರೋ ಒಬ್ಬ 34 ವರ್ಷದ ಗಂಡಸಿನ ರಿಪೋರ್ಟ್ ತೆರೀತು. ಯಾರದೋ ನೆಗೆಟಿವ್ ರಿಪೋರ್ಟಿನ್ಯಾಗ ಹೆಸರು ವಯಸ್ಸು ಅಳಿಸಿ ನಮ್ಮವ್ವಂದು ಕೂಡಿಸ್ಯಾನ. ತಾರೀಖು ಬದಲಿ ಮಾಡೂದ ಮರ್ತಾನ. ಡಾಕ್ಟರ್ ಮುಂದ, ನರ್ಸ್ ಮುಂದ, ಅಪ್ಪ ಅಲ್ಲೇ ಮಾಸ್ಕ್ ಹಾಕ್ಕೊಂಡು ಉಸಿರಿಗೆ ಒದ್ದಾಡಾಕತ್ತಾರ, ನಾ ಕಲಿತಾಕಿ, ಆ ಪಿಡಿಎಫ್‌ನಾಗ ನೆಗೆಟಿವ್ ಅನ್ನೋ ಒಂದ ಶಬ್ದ ಬಿಟ್ಟು ಬ್ಯಾರೆ ಏನೂ ಓದಿರಲಿಲ್ಲ. ಆ ಹೊತ್ತಿನ್ಯಾಗ ಭೂಮಿ ಬಾಯಿ ಬಿಡಬಾರದಾ ಅನಿಸ್ತು.

ಅಲ್ಲೇ ಕಾರಿಡಾರಿನ್ಯಾಗ ನಿಂತು ಅವಗ ಫೋನ್ ಹಚ್ಚಿದೆ. "ಟೈಪಿಂಗ್ ಮಿಸ್ಟೇಕ್ ರೀ ಅಕ್ಕಾರ." ಎಸ್ಆರ್‌ಎಫ್ ಎಲ್ಲೈತಪಾ? "ನೆಗೆಟಿವ್ ಬಂದವರಿಗೆ ಎಸ್ಆರ್‌ಎಫ್ ಬರಂಗಿಲ್ರಿ." ಪೂರಾ ಸುಳ್ಳು! ಆ 13 ಅಂಕಿ ನಂಬರ ಸ್ಯಾಂಪಲ್ ತಗೊಳ್ಳೋವಾಗ ಹುಟ್ಟತೈತಿ, ರಿಪೋರ್ಟ್ ಏನ್ ಬರತೈತಿ ಅಂತ ಯಾರಿಗೂ ಗೊತ್ತಿರೂದಕ್ಕಿಂತ ಮೊದಲ. ಕ್ಯೂಆರ್ ಬಗ್ಗೆ ಕೇಳಿದೆ. "ನೆಗೆಟಿವ್ ಬಂದೈತಲ್ರಿ, ಖುಷಿ ಪಡೂದು ಬಿಟ್ಟು ಯಾಕ ಜಗಳಾ ತಗೀತೀರಿ?" ನಮ್ಮಪ್ಪ ಆಕ್ಸಿಜನ್ ಮ್ಯಾಲೆ ಅದಾರೋ ಮಾರಾಯಾ ಅಂದೆ. ಅದಕ್ಕ ಅವ ಅಂದ ಮಾತು ಕೇಳ್ರಿ: "ನಿಮ್ಮ ತಂದಿಯವರ ಟೆಸ್ಟ್ ನಾ ಮಾಡಿಲ್ಲಲ್ರಿ."

ಇಷ್ಟು ದಿನ ಆದ್ರೂ ರಾತ್ರಿ ಮಲಗಿದ್ರ ಇದ ಮಾತು ಕಿವ್ಯಾಗ ಬರತೈತಿ.

ರಿಪೋರ್ಟ್ ಮ್ಯಾಲೆ ಹೆಸರಿದ್ದ ಲ್ಯಾಬಿಗೂ ಫೋನ್ ಮಾಡಿದೆ. ಅವ ನಮ್ಮ ಹುಡುಗನ ಅಲ್ಲ, ನಿಮ್ಮವ್ವನ ಹೆಸರಿನ್ಯಾಗ ಸ್ಯಾಂಪಲ್ಲೂ ಬಂದಿಲ್ಲ ಅಂದ್ರು. ಅಂದ್ರ ಆ ಕಡ್ಡಿ ಲ್ಯಾಬ್ ಮುಟ್ಟೇ ಇಲ್ಲ, ದಾರ್‍ಯಾಗ ಎಲ್ಲೋ ಚೆಲ್ಯಾನ. ಮರುದಿನ ಅವನ ಮೆಸೇಜ್, "500 ವಾಪಸ್ ಹಾಕ್ತೀನಿ, ಗ್ರೂಪ್‌ನಾಗ ಹಾಕಬ್ಯಾಡ್ರಿ." ನಾ ಪೊಲೀಸ್ ಅಂದೆ, ಬ್ಲಾಕ್ ಮಾಡಿದ. ಸ್ಟೇಷನ್‌ನಾಗ ಅರ್ಜಿ ಕೊಟ್ಟೀನಿ.

ಅವ್ವಗ ಆಮ್ಯಾಲೆ ಮಾಡಿಸಿದ ಟೆಸ್ಟ್ ಪಾಸಿಟಿವ್. ಅಪ್ಪ ಒಂಬತ್ತು ದಿನ ಆಕ್ಸಿಜನ್ ಮ್ಯಾಲೆ ಇದ್ದು ಮನಿಗೆ ಬಂದಾರ, ನಾಕು ಹೆಜ್ಜಿ ನಡದ್ರ ಕುಂದರ್ತಾರ. ಬಾಜೂ ಮನಿ ಅಜ್ಜಿಗೂ ಜ್ವರ ಬಂತು, ದೇವರ ದಯೆ, ಪಾರಾದ್ರು. ನಮ್ಮಿಂದ ಬಂತೋ ಬ್ಯಾರೆ ಕಡೆಯಿಂದ ಬಂತೋ ಯಾರಿಗೆ ಗೊತ್ತು, ಆದ್ರ ಅವರ ಸೊಸಿ ನಮ್ಮ ಕೂಡ ಮಾತು ಬಿಟ್ಟಾಳ. ಅವ್ವ ಸಂಜಿಕ ಡ್ರಾಪ್ಸ್ ಹಾಕೋ ಹೊತ್ತಿಗೆ ಬಾಗಲಾ ಕಡೆ ನೋಡ್ಕೋತ ಕುಂದರ್ತಾಳ.

ನೀವು ಇಷ್ಟ ಮಾಡ್ರಿ. ಎಸ್ಆರ್‌ಎಫ್ ಐಡಿ ಮೊಬೈಲಿಗೆ ಬರೂತನಕ ಅವನ್ನ ಗೇಟ್ ದಾಟಿ ಹೋಗಾಕ ಬಿಡಬ್ಯಾಡ್ರಿ, ರೊಕ್ಕಾನೂ ಕೊಡಬ್ಯಾಡ್ರಿ, ಸರ್ವರ್ ಬಿಜಿ ಅಂದ್ರ ಸ್ಯಾಂಪಲ್ ಕೊಡಬ್ಯಾಡ್ರಿ. ರಿಪೋರ್ಟ್ ಬಂದ ಮ್ಯಾಲೆ ಸ್ಯಾಂಪಲ್ ತಗೊಂಡ ತಾರೀಖು ನೋಡ್ರಿ, ಕ್ಯೂಆರ್ ಸ್ಕ್ಯಾನ್ ಮಾಡಿ ಯಾರ ಹೆಸರು ಬರತೈತಿ ನೋಡ್ರಿ. ಮತ್ತ ವಾಸನಿ ಹೋಗೈತಿ, ಜ್ವರ ಐತಿ ಅಂದ್ರ ನೆಗೆಟಿವ್ ಬಂದ್ರೂ ಬ್ಯಾರೇನ ಇರ್ರಿ. ಖರೇ ಟೆಸ್ಟ್ ಮಾಡಿದ್ರೂ ಸ್ವಾಬ್ ಸರಿ ತಗೊಳ್ಳದಿದ್ರ ತಪ್ಪು ನೆಗೆಟಿವ್ ಬರತೈತಿ ಅಂತ ಡಾಕ್ಟರ್ ಹೇಳಿದ್ರು, ಇದನ್ನ ನನಗ ಯಾರರೆ ಒಂದ ವಾರ ಮೊದಲ ಹೇಳಿದ್ರ...

ನಾ ನಂಬರ ಕೊಟ್ಟ ಇಬ್ಬರಾಗ ಒಬ್ಬರು ಟೆಸ್ಟ್ ಮಾಡಿಸಿರಲಿಲ್ಲ. ಇನ್ನೊಬ್ಬರು ಮಾಡಿಸ್ಯಾರ, ನೆಗೆಟಿವ್ ಅಂತ ಸ್ಟೇಟಸ್‌ನಾಗ ಹಾಕಿದ್ರು, ನಾಕು ದಿನದಿಂದ ನನ್ನ ಫೋನ್ ಎತ್ತವಲ್ರು. ನೀವು ಇದನ್ನ ಓದಾಕತ್ತಿದ್ರ ಆ ರಿಪೋರ್ಟ್ ನಂಬಬ್ಯಾಡ್ರಿ, ಇವತ್ತ ಮತ್ತೊಮ್ಮೆ ಟೆಸ್ಟ್ ಮಾಡಸ್ರಿ. ನನಗ ಎಷ್ಟರೆ ಬೈರಿ, ಫೋನ್ ಮಾತ್ರ ಎತ್ರಿ.