ಎರಡು ಗೂಡಿನ ಯುಎಸ್‌ಬಿ ಡಾಕ್: ಮೂರು ವರ್ಷ ಡಿಸ್ಕ್ ಅಳಿಸಿದ ಮೇಲೆ

ಹಳೇ ಕಂಪ್ಯೂಟರುಗಳನ್ನು ಸರಿಮಾಡಿ ಓದುವ ಮಕ್ಕಳಿಗೆ ಕೊಡೋದು ನನ್ನ ಬಿಡುವಿನ ಕೆಲಸ. ಕೊಡುವ ಮುಂಚೆ ಹಿಂದಿನವರ ಡೇಟಾ ಪೂರ್ತಿ ಅಳಿಸಲೇಬೇಕು. ಅದಕ್ಕೆಂದೇ, ಬಿಚ್ಚಿದ ಹಾರ್ಡ್ ಡಿಸ್ಕನ್ನು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಜೋಡಿಸುವ ಈ ಡಾಕ್ ತಗೊಂಡೆ. ಮೂರು ವರ್ಷದಲ್ಲಿ ನೂರಕ್ಕೂ ಹೆಚ್ಚು ಡಿಸ್ಕ್ ಇದರಲ್ಲಿ ಕೂತು ಎದ್ದಿವೆ.

ಮೊದಲ ದಿನದಿಂದಲೂ ಇಷ್ಟವಾಗಿರೋದು ಡಿಸ್ಕ್ ಕೂರಿಸುವ ರೀತಿ. ಸ್ಕ್ರೂ ಬಿಚ್ಚೋದಿಲ್ಲ, ಕೇಬಲ್ ಹುಡುಕೋದಿಲ್ಲ. ಮೇಲಿಂದ ಇಳಿಸಿ ಮೆಲ್ಲಗೆ ಒತ್ತಿದರೆ ಟಕ್ ಅಂತ ಕೂರುತ್ತೆ. ಸ್ವಿಚ್ ಹಾಕಿ ಡಿಸ್ಕಿನ ನೆತ್ತಿ ಮೇಲೆ ಎರಡು ಬೆರಳಿಡುತ್ತೇನೆ. ಮೊದಲು ಸಣ್ಣ ನಡುಕ, ಆಮೇಲೆ ಒಂದೇ ಸಮನೆ ಗುಂಯ್ ಅನ್ನುವ ಸದ್ದು. ಕಟಕಟ ಅಂದರೆ ಆ ಡಿಸ್ಕ್ ಯಾರಿಗೂ ಕೊಡುವಂಥದ್ದಲ್ಲ, ಪಕ್ಕಕ್ಕೆ. ರಾತ್ರಿ ಊಟವಾದ ಮೇಲೆ ಲಿನಕ್ಸ್‌ನಲ್ಲಿ ಎನ್‌ವೈಪ್ ಅನ್ನುವ ಡಿಸ್ಕ್ ಅಳಿಸುವ ಪ್ರೋಗ್ರಾಂ ತೆರೆದು, ಸ್ಪೇಸ್ ಬಾರ್ ಒತ್ತಿ ಡಿಸ್ಕ್ ಆರಿಸಿ, ಪೂರ್ತಿ ಸೊನ್ನೆ ತುಂಬಲು ಬಿಡುತ್ತೇನೆ. 1 ಟಿಬಿಗೆ ಮೂರು ಗಂಟೆ ಹತ್ತಿರ ಹಿಡಿಯುತ್ತೆ. ಶುರುವಿನಲ್ಲಿ ಸೆಕೆಂಡಿಗೆ 130 ಎಂಬಿ ಇದ್ದ ವೇಗ ಕೊನೆಗೆ 65ಕ್ಕೆ ಇಳಿಯುತ್ತೆ. ಅದು ಡಾಕಿನ ತಪ್ಪಲ್ಲ. ಬರೆಯೋದು ಡಿಸ್ಕ್ ಒಳಗೆ ತಿರುಗುವ ತಟ್ಟೆಯ ಹೊರಸುತ್ತಿನಿಂದ ಒಳಕ್ಕೆ, ಹೊರಸುತ್ತು ಹಿಡಿಯುವಷ್ಟು ಡೇಟಾ ಒಳಸುತ್ತು ಹಿಡಿಯೋದಿಲ್ಲ. 35 ಸಲ ಅಳಿಸಬೇಕು ಅನ್ನುವವರು ಇನ್ನೂ ಇದ್ದಾರೆ. ಈಗಿನ ಹಾರ್ಡ್ ಡಿಸ್ಕಿಗೆ ಒಂದು ಸಲ ಪೂರ್ತಿ ಬರೆದು, ಬರೆದದ್ದನ್ನು ಓದಿ ನೋಡಿದರೆ ಸಾಕು.

ಇಷ್ಟರಲ್ಲೇ ನಿಲ್ಲಿಸಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ.

ಹೋದ ವರ್ಷ ಅಕ್ಕನ ಫೋಟೋ ಡಿಸ್ಕ್ ಎರಡನೇ ಗೂಡಿನಲ್ಲಿತ್ತು, ಬ್ಯಾಕಪ್ ತೆಗೆಯೋಣ ಅಂತ. ಮೊದಲನೆಯದರಲ್ಲಿ ಅಳಿಸಬೇಕಾದ ಡಿಸ್ಕ್. ಎರಡೂ 1 ಟಿಬಿ. ಪರದೆಯಲ್ಲಿ ಎರಡು ಸಾಲು, ಎರಡರಲ್ಲೂ ಅದೇ ಹೆಸರು, ಅದೇ ಸೀರಿಯಲ್ ನಂಬರ್! ಡಾಕ್ ಒಳಗಿನ ಚಿಪ್ ಡಿಸ್ಕುಗಳ ನಂಬರ್ ಮುಚ್ಚಿಟ್ಟು ತನ್ನದನ್ನೇ ಎರಡಕ್ಕೂ ಕೊಡುತ್ತೆ. ಮೇಲಿನ ಸಾಲು ಮೊದಲ ಗೂಡಿನದು ಅಂದುಕೊಂಡು ಶುರು ಮಾಡಿದೆ. ನಾಲ್ಕು ನಿಮಿಷದ ಮೇಲೆ ಕಣ್ಣಿಗೆ ಬಿತ್ತು: ಮಿಣುಕುತ್ತಿದ್ದದ್ದು ಎರಡನೇ ಗೂಡಿನ ದೀಪ.

ನಾಲ್ಕು ನಿಮಿಷ ಅಂದರೆ ಸುಮಾರು 30 ಜಿಬಿ. ಕ್ವಿಕ್ ಫಾರ್ಮ್ಯಾಟ್ ಆಗಿದ್ದರೆ ಹೊಸ ಪಟ್ಟಿಯಷ್ಟೇ ಬರೆದು, ಹೆಚ್ಚಿನ ಫೈಲುಗಳು ಇದ್ದಲ್ಲೇ ಇರುತ್ತಿದ್ದವು. ಇಲ್ಲಿ ಯಾವ ಫೈಲ್ ಎಲ್ಲಿದೆ ಅನ್ನುವ ಪಟ್ಟಿಯೂ ಡಿಸ್ಕಿನ ಶುರುವಿನಲ್ಲೇ ಇತ್ತು, ಅದರ ಮೇಲೆಲ್ಲ ಸೊನ್ನೆ. ಕಳೆದುಹೋದ ಫೈಲು ಹುಡುಕಿ ತೆಗೆಯುವ ಫೋಟೋರೆಕ್ ಪ್ರೋಗ್ರಾಂ ಎರಡು ದಿನ ಓಡಿಸಿದೆ. ಬಹಳಷ್ಟು ಫೋಟೋ ಸಿಕ್ಕಿದವು, ಆದರೆ ಹೆಸರೂ ಇಲ್ಲ, ಫೋಲ್ಡರೂ ಇಲ್ಲ. ಫೋಟೋದೊಳಗೇ ಇದ್ದ ತಾರೀಖು ನೋಡಿ ವರ್ಷವಾರು ಜೋಡಿಸಿ ಕೊಟ್ಟೆ. ದೊಡ್ಡ ವಿಡಿಯೋಗಳು ಚೂರುಚೂರಾಗಿ ಬಂದವು, ಒಂದೂ ಓಡಲಿಲ್ಲ. ಅಕ್ಕ ಒಂದು ಮಾತೂ ಬೈಯಲಿಲ್ಲ. ಅದೇ ಇವತ್ತಿಗೂ ನನಗೆ ಸಂಕಟ.

ಡಬ್ಬದ ಮೇಲಾಗಲೀ ಕೈಪಿಡಿಯಲ್ಲಾಗಲೀ ಈ ಸೀರಿಯಲ್ ನಂಬರಿನ ವಿಚಾರ ಒಂದಕ್ಷರ ಇಲ್ಲ. ಎರಡು ಗೂಡಿನ ಡಾಕ್ ಮಾರುವವರು ಇದನ್ನು ಹೇಳಲೇಬೇಕಿತ್ತು.

ತಿರುಗುವ ತಟ್ಟೆಯಿಲ್ಲದೆ ಚಿಪ್ಪಿನಲ್ಲೇ ಡೇಟಾ ಇಡುವ ಎಸ್‌ಎಸ್‌ಡಿಗಂತೂ ಈ ಡಾಕ್ ಬೇಡ. ಹೀಗೆ ಸೊನ್ನೆ ಬರೆದರೆ ಎಸ್‌ಎಸ್‌ಡಿ ಬದಿಗಿಟ್ಟುಕೊಂಡ ಹೆಚ್ಚುವರಿ ಜಾಗ ಮುಟ್ಟೋದಿಲ್ಲ, ಅದಕ್ಕೆ ಡ್ರೈವ್ ತನ್ನನ್ನು ತಾನೇ ಅಳಿಸಿಕೊಳ್ಳುವ ಸೆಕ್ಯೂರ್ ಇರೇಸ್ ಆಜ್ಞೆ ಬೇಕು. ಆ ಆಜ್ಞೆಯನ್ನು ಈ ಡಾಕ್ ಒಳಗೆ ಬಿಡೋದೇ ಇಲ್ಲ. ಅವನ್ನು ನೇರ ಮದರ್‌ಬೋರ್ಡಿಗೆ ಸಿಕ್ಕಿಸಿ ಅಳಿಸುತ್ತೇನೆ.

ಡಾಕನ್ನು ಬಿಸಾಡಿಲ್ಲ. ಹೊಸದು ಕೊಳ್ಳುವ ದುಡ್ಡು ಇನ್ನೊಂದು ಮಗುವಿನ ಕಂಪ್ಯೂಟರಿಗೆ ರ‍್ಯಾಮ್ ಆಗುತ್ತೆ. ಎರಡನೇ ಗೂಡಿನ ಬಾಯಿಗೆ ದಪ್ಪ ಟೇಪ್ ಅಂಟಿಸಿದ್ದೇನೆ. ಒಂದು ಸಲಕ್ಕೆ ಒಂದೇ ಡಿಸ್ಕ್. ಐದಕ್ಕೆ ಮೂರು. ನೀವು ಇಂಥದ್ದು ಕೊಂಡರೆ, ವಾಪಸ್ ಮಾಡುವ ಅವಧಿ ಮುಗಿಯುವ ಮುಂಚೆ ಎರಡು ಡಿಸ್ಕ್ ಹಾಕಿ, ಪರದೆಯಲ್ಲಿ ಬರುವ ನಂಬರ್ ಲೇಬಲ್ಲಿನ ನಂಬರಿಗೆ ತಾಳೆಯಾಗುತ್ತಾ ನೋಡಿ. ಆಗದಿದ್ದರೆ ಅವತ್ತೇ ವಾಪಸ್ ಕಳಿಸಿ.