ಗ್ರೀಸಿನಡಿ ಅಡಗಿದ್ದ ಅಂಕಿ: ಹಳೇ ಲೂಬ್-ಸೈಜರ್ ಕೊಳ್ಳುವವರೇ, ಒರೆಸಿ ನೋಡಿ

ಅಮೆರಿಕದಲ್ಲಿದ್ದುಕೊಂಡು ಗ್ಯಾರೇಜಿನಲ್ಲಿ ಸೀಸ ಕರಗಿಸಿ ಗುಂಡು ಎರಕ ಹೊಯ್ಯುವ ಹುಚ್ಚಿರುವ ನಮ್ಮವರು ಒಂದಷ್ಟು ಜನ ಇದ್ದೀರಿ ಅಂತ ಗೊತ್ತು. ನಿಮಗೋಸ್ಕರ ಬರೀತಿದ್ದೀನಿ. ಗನ್ ಶೋಗಳಲ್ಲಿ ಮೇಜಿನ ಮೇಲೆ ಹಳೇ ಲೂಬ್-ಸೈಜರ್ (ಎರಕದ ಗುಂಡನ್ನ ಸರಿಯಾದ ದಪ್ಪಕ್ಕೆ ಒತ್ತಿ, ಅದಕ್ಕೆ ಲೂಬ್ ಅಂದರೆ ಮೇಣದಂಥ ಜಿಡ್ಡು ತುಂಬೋ ಯಂತ್ರ) ಇಟ್ಟು, ಅದರ ಡೈಗೆ (ಗುಂಡನ್ನ ಒತ್ತಿ ಇಳಿಸೋ, ಅಳತೆಯ ತೂತಿರೋ ಉಕ್ಕಿನ ತುಂಡು) ದಾರದಲ್ಲಿ ಒಂದು ಚೀಟಿ ಕಟ್ಟಿ ಮಾರ್ತಾರಲ್ಲ, ಆ ಚೀಟಿಯನ್ನ ನಂಬಬೇಡಿ. ನಾನು ನಂಬಿದೆ. 180 ಡಾಲರ್ ಹೋಯ್ತು, ಮೂರು ವಾರಾಂತ್ಯ ಹೋಯ್ತು, ಮರ್ಯಾದೆ ಹೋಯ್ತು. ದುಡ್ಡಿಗಿಂತ ಮರ್ಯಾದೆಯದ್ದೇ ಉರಿ ಜಾಸ್ತಿ.

ಯಾಕಂದ್ರೆ ಅಳೆಯೋದೇ ನನ್ನ ಹೊಟ್ಟೆಪಾಡು. ಮೊದಲು ಪೀಣ್ಯದಲ್ಲಿ, ಈಗ ಒಹಾಯೋದಲ್ಲಿ, ಮಷಿನ್ ಶಾಪಿನ ಕ್ವಾಲಿಟಿ ಕೆಲಸ. ಹತ್ತು ಮೈಕ್ರಾನ್ ಹೆಚ್ಚಾಯ್ತು ಅಂತ ಊರವರ ಮಾಲನ್ನೆಲ್ಲ ವಾಪಸ್ ಕಳಿಸೋ ಆಸಾಮಿ ನಾನು. ನನಗೇ 50 ಮೈಕ್ರಾನ್ ಟೋಪಿ.

ಗ್ರೀನ್ ಕಾರ್ಡ್ ಬಂದ ಮೇಲೆ ಒಂದು 357 ರಿವಾಲ್ವರ್ ತಗೊಂಡಿದ್ದೆ. ರೇಂಜಿಗೆ ಹೋಗಿ ಅದರಲ್ಲಿ 38 ಸ್ಪೆಷಲ್ (ಅದೇ ಗನ್ನಿಗೆ ಆಗುವ, ಕಡಿಮೆ ಜೋರಿನ ತೋಟಾ) ಹೊಡೆಯೋದು ಭಾನುವಾರದ ಚಟ. ಅಂಗಡಿ ಗುಂಡಿನ ರೇಟು ನೋಡಿ ಎರಕಕ್ಕೆ ಇಳಿದೆ. ನಿಮಗೆ ಗೊತ್ತಿರೋದೇ: ಇಂಥ ಬ್ಯಾರೆಲ್ಲಿನ ಗ್ರೂವ್ (ಒಳಗೆ ಸುರುಳಿಯಾಗಿ ಕೊರೆದ ಗೀರು) ಅಳತೆ ಸುಮಾರು 0.357 ಇಂಚು, ಸೀಸದ ಗುಂಡು ಅದಕ್ಕಿಂತ ಒಂದು ಥೌ (ಇಂಚಿನ ಸಾವಿರದಲ್ಲೊಂದು ಭಾಗ) ದಪ್ಪ, ಅಂದರೆ 0.358 ಇರಬೇಕು. ಸಡಿಲವಾದರೆ ಬಿಸಿ ಅನಿಲ ಗುಂಡಿನ ಪಕ್ಕದಲ್ಲೇ ನುಗ್ಗಿ ಸೀಸವನ್ನ ಸವೆಸಿ ಬ್ಯಾರೆಲ್ಲಿಗೆ ಬಳಿಯುತ್ತೆ. ಎಷ್ಟೇ ಒಳ್ಳೇ ಲೂಬ್ ಹಾಕಿ, ಅಳತೆ ತಪ್ಪಿದರೆ ಅದು ಕಾಪಾಡಲ್ಲ. ಇಷ್ಟೆಲ್ಲ ಗೊತ್ತಿತ್ತು ನನಗೆ. ಗೊತ್ತಿದ್ದೂ!

ಮಾರಿದವನಿಗೆ ಎಪ್ಪತ್ತರ ಹತ್ತಿರ. ಕೆಂಪು ಸಸ್ಪೆಂಡರ್, ನಗುಮುಖ, ಮಾತು ಬೆಣ್ಣೆ. ಲೈಮನ್ 450 ಯಂತ್ರ, ಎರಡು ಟಾಪ್ ಪಂಚ್ (ಗುಂಡನ್ನ ಮೇಲಿಂದ ಒತ್ತೋ ತುಂಡು), ಅರ್ಧ ಕಡ್ಡಿ ಲೂಬ್. ಯಂತ್ರದ್ದೇನೂ ತಪ್ಪಿಲ್ಲ, ಗಟ್ಟಿಮುಟ್ಟಾಗಿದೆ. "ಡೈ 358 ತಾನೆ?" ಅಂತ ಕೇಳಿದೆ. ಚೀಟಿ ಎತ್ತಿ ತೋರಿಸಿದ. ನೀಲಿ ಪೆನ್ನಿನಲ್ಲಿ ಮುದ್ದಾದ ಅಕ್ಷರ, 358. "ಮೂವತ್ತು ವರ್ಷ ಇದರಲ್ಲೇ 38ರ ಗುಂಡು ಮಾಡಿದ್ದೀನಿ ಮಗನೇ" ಅಂದ. ಡೈಯ ತಲೆ ಮೇಲೆ ಒಣಗಿದ ಲೂಬ್ ಕಂದು ಬೆಲ್ಲದ ಹಾಗೆ ಮೆತ್ತಿಕೊಂಡಿತ್ತು. ಅದರ ಕೆಳಗೇ ಕಂಪನಿಯವರು ಕೊರೆದ ಅಂಕಿ ಇರೋದು. ನನ್ನ ಜೇಬಲ್ಲಿ ಕರ್ಚೀಫು ಇತ್ತು. ಒಂದು ಸಲ ಒರೆಸಿದ್ದರೆ ಮುಗೀತಿತ್ತು. ಅಜ್ಜನ ಎದುರಿಗೆ ಒರೆಸಿ ನೋಡಿದರೆ ಅನುಮಾನ ಪಟ್ಟ ಹಾಗಾಗುತ್ತೆ ಅಂತ ನಾಚಿಕೆ. ದುಡ್ಡು ಎಣಿಸಿ ಕೊಟ್ಟೆ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳೋದು ಅಂದರೆ ಇದೇ.

ಮನೆಗೆ ತಂದು ಮೇಜಿಗೆ ಬೋಲ್ಟ್ ಹಾಕಿ ಕೂರಿಸಿದೆ. ಅರ್ಧ ಜೇನುಮೇಣ ಅರ್ಧ ಅಲಾಕ್ಸ್ (ಪೆಟ್ರೋಲಿಯಂ ಮೂಲದ ಜಿಡ್ಡು) ಇರುವ ಲೂಬ್ ತುಂಬಿದೆ. ನನ್ನ ಅಚ್ಚಿನಿಂದ ಗುಂಡು 0.360ಕ್ಕೆ ಬೀಳುತ್ತೆ. ಎರಡು ಥೌ ಇಳಿಸೋಕೆ ಹಿಡಿ ಮೆತ್ತಗೆ ಕೆಳಗೆ ಬರಬೇಕು. ಬರಲಿಲ್ಲ. ಭುಜ ಹಾಕಿ ಒತ್ತಬೇಕಾಯ್ತು. ಹೊರಗೆ ಬಂದ ಗುಂಡಿನ ಪಟ್ಟಿಗಳು ಕನ್ನಡಿ ಥರ ಹೊಳೀತಿದ್ದವು, ಲೂಬ್ ಕೂರುವ ಕಾಲುವೆ ಚಪ್ಪಟೆಯಾಗಿ ಅರ್ಧಕ್ಕೆ ಇಳಿದಿತ್ತು. ಆಗಲಾದರೂ ನಿಲ್ಲಿಸಬೇಕಿತ್ತು. ಹಳೇ ಯಂತ್ರ, ಬಿಗಿ ಇರುತ್ತೆ ಅಂದ್ಕೊಂಡು ಆರುನೂರು ಗುಂಡು ಒತ್ತಿದೆ. ಆರುನೂರು! ಮೈಕ್ರೋಮೀಟರ್ ಎರಡು ಅಡಿ ದೂರದ ಡ್ರಾಯರಿನಲ್ಲೇ ಇತ್ತು.

ರೇಂಜಿನಲ್ಲಿ ಹದಿನೈದು ಗಜಕ್ಕೆ ಕಾಗದ ತೂಗುಹಾಕಿ ಹೊಡೆದೆ. ವಾಪಸ್ ಎಳೆದು ನೋಡಿದರೆ ಅರ್ಧಕ್ಕರ್ಧ ತೂತು ಉದ್ದುದ್ದ. ಗುಂಡು ಮೂಗು ಮುಂದೆ ಮಾಡಿ ಹೋಗದೆ ಅಡ್ಡಡ್ಡ ಹೊರಳಿ ಹೋಗಿದೆ. ಪಕ್ಕದ ಲೇನಿನವನು ಇಣುಕಿ ನೋಡಿ, "ಚಮಚ ಎಸೀತಿದ್ದೀಯಾ?" ಅಂದ. ನಕ್ಕೆ. ಇನ್ನೇನು ಮಾಡೋದು.

ಬ್ಯಾರೆಲ್ಲಿನ ಬಾಯಲ್ಲಿ ಬೆಳ್ಳಿ ರೇಕು ಅಂಟಿಸಿದ ಹಾಗೆ ಸೀಸ. ಬ್ರಷ್ಷಿಗೆ ಪಾತ್ರೆ ತಿಕ್ಕುವ ತಾಮ್ರದ ನಾರು ಸುತ್ತಿ ಒಂದು ಸಂಜೆಯೆಲ್ಲ ಉಜ್ಜಿದೆ. ಆಮೇಲೆ ರಿವಾಲ್ವರಿನ ಖಾಲಿ ಸಿಲಿಂಡರ್ (ತೋಟಾ ಕೂರುವ ಆರು ಮನೆಗಳ ಉರುಳೆ) ಕೈಯಲ್ಲಿ ಹಿಡಿದು ಮುಂದಿನಿಂದ ಒಂದು ಗುಂಡು ಬಿಟ್ಟೆ. ಸರಿಯಾದ ಗುಂಡಾದರೆ ಅಲ್ಲೇ ನಿಲ್ಲುತ್ತೆ, ಬೆರಳಲ್ಲಿ ಒತ್ತಿದರೆ ಜಾರುತ್ತೆ. ಇದು ನಿಲ್ಲಲೇ ಇಲ್ಲ, ಸೀದಾ ಅಂಗೈಗೆ ಟಪ್ ಅಂತ ಬಿತ್ತು. ಆರೂ ಮನೆಗಳಲ್ಲಿ ಟಪ್, ಟಪ್, ಟಪ್. ಮೈಕ್ರೋಮೀಟರ್ ತೆಗೆದೆ: 0.3562. ಇನ್ನೊಂದು, 0.3561. ಡೈ ಬಿಚ್ಚಿ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದೆ. ಕಂದು ಮೇಣ ಹೋಯ್ತು, ಅಂಕಿ ಬಂತು. 356. ಒಂಬತ್ತು ಎಂಎಂ ಪಿಸ್ತೂಲಿನ ಡೈ ಅದು. ಎಷ್ಟು ಹೊತ್ತು ಅದನ್ನೇ ನೋಡ್ತಾ ಕೂತಿದ್ದೆನೋ.

ಮಾರಿದ ಅಜ್ಜನಿಗೆ ಫೋನ್ ಮಾಡಿದೆ. ಅವನ ಉತ್ತರಗಳನ್ನ ಓದಿ, ನಿಮಗೂ ಯಾರಾದರೂ ಇವನ್ನೇ ಹೇಳಬಹುದು.

ಮೊದಲನೇದು: "ಸೀಸ ಡೈಯಿಂದ ಹೊರಗೆ ಬಂದ ಮೇಲೆ ಊದಿಕೊಳ್ಳುತ್ತೆ." ಪ್ರೆಸ್ಸಿನ ಅಚ್ಚುಮೊಳೆ ಥರದ ಗಟ್ಟಿ ಲೋಹ ಒಂದು ಕೂದಲೆಳೆ ಊದಬಹುದು. ಕಾರಿನ ಚಕ್ರದ ತೂಕ ಕರಗಿಸಿದ ನನ್ನ ಸೀಸ ಎರಡು ಥೌ ಊದೋದುಂಟಾ? ಎರಡನೇದು: "ನಿನ್ನ ಮೈಕ್ರೋಮೀಟರ್ ಚೈನಾದ್ದಿರಬೇಕು." ಗೇಜ್ ಬ್ಲಾಕ್ (ಪಕ್ಕಾ ಅಳತೆಯ ತುಂಡು) ಇಟ್ಟು ನೋಡಿದ್ದೀನಿ ಸ್ವಾಮಿ, ನನಗೆ ಸಂಬಳ ಬರೋದೇ ಅದಕ್ಕೆ. ಮೂರನೇದು: "ಲೂಬ್ ಕಮ್ಮಿ ಆಗಿದೆ, ಲಿಕ್ವಿಡ್ ಅಲಾಕ್ಸ್ ಇನ್ನೊಂದು ಕೋಟ್ ಹೊಡಿ." ಲೂಬ್ ಅಂತೆ!

ಕೊನೆಗೆ 356 ಅನ್ನೋ ಅಂಕಿಯ ಫೋಟೋ ತೆಗೆದು ಕಳಿಸಿದೆ. ಒಂದು ದಿನ ಸದ್ದಿಲ್ಲ. ಆಮೇಲೆ ಮೆಸೇಜು: "ಓ, ನನ್ನ ಕಣ್ಣು ಈಗ ಅಷ್ಟು ಸರಿಯಿಲ್ಲ. ಒಂದು ಒಂಬತ್ತು ಎಂಎಂ ತಗೋ, ಅದಕ್ಕೆ ಬಹಳ ಚೆನ್ನಾಗಿ ಕೂರುತ್ತೆ." ತನ್ನ ಡೈಗೆ ಹೊಂದಲಿ ಅಂತ ನಾನು ಇನ್ನೊಂದು ಗನ್ ಕೊಳ್ಳಬೇಕಂತೆ! ದುಡ್ಡು ವಾಪಸ್ ಬೇಡ, ಡೈ ಬದಲಿಸಿ ಕೊಡಿ ಸಾಕು ಅಂದೆ. "ನೀನು ಕೈಯಲ್ಲಿ ಹಿಡಿದು ನೋಡಿಯೇ ತಗೊಂಡೆಯಲ್ಲ" ಅಂದ. ಹೌದು. ಅದೊಂದು ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಕಣ್ಣು ಸರಿಯಿಲ್ಲದವನು ಆ ಚೀಟಿ ಮೇಲೆ ಅಷ್ಟು ಮುದ್ದಾಗಿ ಬರೆದದ್ದು ಹೇಗೆ ಅಂತ ಕೇಳಬೇಕಿತ್ತು, ಹೊಳೆದದ್ದು ರಾತ್ರಿ ಎರಡು ಗಂಟೆಗೆ.

ಸಣ್ಣದಾದ ಗುಂಡನ್ನ ಮತ್ತೆ ದೊಡ್ಡದು ಮಾಡೋಕಾಗಲ್ಲ. ಪೌಡರ್ ಕೋಟಿಂಗ್ (ಬೇಯಿಸಿ ಅಂಟಿಸೋ ಪುಡಿ ಬಣ್ಣ) ಹೊಡೆದರೆ ಒಂದೆರಡು ಥೌ ದಪ್ಪ ಆಗುತ್ತೆ, ಆದರೆ ಲೂಬ್ ಎಲ್ಲ ತೊಳೆದು ಓವನ್ನಿನಲ್ಲಿ ಬೇಯಿಸಬೇಕು. "ರೀ, ನಮ್ಮ ಓವನ್ನಿಗೆ ಸೀಸ ಇಟ್ರೆ ನಾಳೆಯಿಂದ ನೀವೇ ಅಡುಗೆ ಮಾಡ್ಕೊಳ್ಳಿ" ಅಂದಳು ಹೆಂಡತಿ. ಅವಳು ಹೇಳಿದ್ದೇ ಸರಿ, ಊಟದ ಓವನ್ನಿಗೆ ಸೀಸ ಸೇರಿಸಲೇಬಾರದು. ಉಳಿದ ಐನೂರೈವತ್ತನ್ನೂ ಮತ್ತೆ ಕರಗಿಸಿದೆ. ಮೇಣಕ್ಕೆ ಬೆಂಕಿ ಹತ್ತಿ ಕಪ್ಪು ಹೊಗೆ, ಪಕ್ಕದ ಮನೆಯವರು ಗಾಬರಿಯಾಗಿ ಬಂದು ವಿಚಾರಿಸಿದರು. ವಿರಾಜಪೇಟೆಯ ಗೆಳೆಯನಿಗೆ ಫೋನಿನಲ್ಲಿ ಹೇಳಿಕೊಂಡರೆ, ಕೈಲ್ ಪೋದ್‌ಗೆ ಕೋವಿ ಪೂಜೆ ಮಾಡೋ ಮನೆಯವನು, ಹೊಟ್ಟೆ ಹಿಡ್ಕೊಂಡು ನಕ್ಕ. "ನಿಂಗೆಲ್ಲ ಇದು ಬೇಕಿತ್ತಾ ಮಾರಾಯ!" (ಊರಿನಲ್ಲಿರೋರು ಇದನ್ನ ಓದಿ ಲೈಸೆನ್ಸ್ ಇಲ್ಲದೆ ಕೈ ಹಾಕಬೇಡಿ, ಅಲ್ಲಿ ಆರ್ಮ್ಸ್ ಆಕ್ಟ್ ಇದೆ.)

ಮೈಕ್ರೋಮೀಟರ್ ಜೇಬಲ್ಲಿಟ್ಟುಕೊಂಡೇ ಗನ್ ಶೋಗೆ ಹೋಗಿ. ಕ್ಯಾಲಿಪರ್ ಸಾಲದು. ನಿಮ್ಮದೇ ನಾಲ್ಕು ಗುಂಡು ಒಯ್ದು ಅವನ ಎದುರಿಗೇ ಒತ್ತಿಸಿ ಅಳೆಯಿರಿ, ಒಲ್ಲೆ ಅಂದರೆ ಮೇಜು ಬಿಟ್ಟು ನಡೀರಿ. ಕೊಳ್ಳೋ ಮುಂಚೆ ನಿಮ್ಮ ಬ್ಯಾರೆಲ್ಲಿಗೆ ಮೆತ್ತನೆ ಸೀಸದ ತುಂಡು ಬಡಿದು ಅಳತೆ ತೆಗೆದಿಡಿ, ರಿವಾಲ್ವರ್ ಆದರೆ ಸಿಲಿಂಡರಿನ ಆರೂ ಬಾಯಿಗಳದ್ದೂ. ಐದು ಗ್ರೂವಿನ ಬ್ಯಾರೆಲ್ಲಾದರೆ ಸಾದಾ ಮೈಕ್ರೋಮೀಟರ್ ಸುಳ್ಳು ಹೇಳುತ್ತೆ, ಎದುರುಬದುರು ಗ್ರೂವೇ ಸಿಗಲ್ಲ. ಮತ್ತೆ, ಅಜ್ಜ ನಕ್ಕರೆ ನೀವೂ ನಗಿ, ಆದರೆ ಒರೆಸಿ.

ಹೊಸ 358 ಡೈ ತರಿಸಿದೆ. ಹಿಡಿ ಒಂದೇ ಕೈಗೆ ಇಳೀತು, ಬ್ಯಾರೆಲ್ ಶುಭ್ರ. ಅದನ್ನೂ ಅವನಿಗೆ ಬರೆದು ಕಳಿಸಿದೆ, ತಡೆಯೋಕಾಗಲಿಲ್ಲ. ಹೆಬ್ಬೆರಳಿನ ಚಿತ್ರ ಒಂದು ಬಂತು. ಅದರ ಕೆಳಗೆ: "ಆ 356 ನಿನಗೆ ಬೇಡವಾದರೆ 10 ಡಾಲರಿಗೆ ನನಗೇ ಕೊಡ್ತೀಯಾ?"