ಮಗಳ ಶಾಲೆಯ ಊಟ: ರಾಗಿಗೆ ಪೂರ್ಣ ಅಂಕ, ಹೊಲದ ಪಾಠಕ್ಕೆ ಅರ್ಧ

ಯಲಹಂಕದ ಕಡೆಯ ಒಂದು ಖಾಸಗಿ ಶಾಲೆಯಲ್ಲಿ ನನ್ನ ಮಗಳು ನಾಲ್ಕನೇ ತರಗತಿ ಓದುತ್ತಿದ್ದಾಳೆ. ಕಳೆದ ಜೂನ್‌ನಿಂದ ಅಲ್ಲಿನ ಮಧ್ಯಾಹ್ನದ ಊಟಕ್ಕೆ ರಾಗಿ, ಕಾಳು, ಸೊಪ್ಪುಗಳನ್ನು ದೊಡ್ಡಬಳ್ಳಾಪುರ ಸುತ್ತಮುತ್ತಲ ರೈತರಿಂದ ನೇರವಾಗಿ ತರಿಸುತ್ತಿದ್ದಾರೆ. ಊಟದ ಶುಲ್ಕವೂ ಏರಿದೆ. ಕೊಟ್ಟ ಹಣಕ್ಕೆ ತಕ್ಕ ಊಟ ಸಿಗುತ್ತದೆಯೇ ಎಂದು ಹಲವು ಪೋಷಕರು ಕೇಳುತ್ತಿದ್ದಾರೆ.

ಖಂಡಿತ ಸಿಗುತ್ತದೆ. ಪೋಷಕರನ್ನು ಕರೆದ ದಿನ ನಾನೂ ಮಕ್ಕಳ ಪಂಕ್ತಿಯಲ್ಲಿ ಕುಳಿತು ಉಂಡೆ. ಮುದ್ದೆಯಲ್ಲಿ ಒಂದು ಗಂಟಿರಲಿಲ್ಲ. ಚಿಕ್ಕವರಿಗೆಂದು ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿದ್ದರು. ದಂಟಿನ ಸೊಪ್ಪಿನ ಬಸ್ಸಾರಿಗೆ ಖಾರ ಕಡಿಮೆ ಮಾಡಿದ್ದರೂ ಬೆಳ್ಳುಳ್ಳಿ, ಜೀರಿಗೆಯ ಘಮಕ್ಕೆ ಕೊರತೆ ಮಾಡಿರಲಿಲ್ಲ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಬಿಳಿ ಅಕ್ಕಿಯಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಸರ್ಕಾರಿ ಶಾಲೆಯ ಮಕ್ಕಳಿಗೆ 2013ರಿಂದ ಕ್ಷೀರಭಾಗ್ಯದ ಹಾಲು, 2024ರಿಂದ ರಾಗಿ ಮಾಲ್ಟ್ ಸಿಗುತ್ತಿರುವಾಗ, ನಮ್ಮಿಂದ ಅಷ್ಟು ಹಣ ಪಡೆದೂ ನೂಡಲ್ಸ್ ಬಡಿಸುತ್ತಿದ್ದುದು ನನಗೆ ಸಂಕಟವಾಗುತ್ತಿತ್ತು.

ಡಿಸೆಂಬರ್‌ನ ಅವರೆಕಾಯಿ ಕಾಲದಲ್ಲಿ ಅಡುಗೆಯವರು ಮಾಡಿದ ಕೆಲಸ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಯಿತು. ನೆನೆಸಿದ ಕಾಳನ್ನು ಬೆಳಿಗ್ಗೆ ತರಗತಿಗೇ ತಂದು ಕೊಟ್ಟರು. ಮಕ್ಕಳು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಹಿತುಕಿದರು. ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಬೆಂಚಿನಡಿಗೆ ಚಿಮ್ಮುತ್ತಿತ್ತಂತೆ. ಮಧ್ಯಾಹ್ನ ಅದರದೇ ಸಾರು. ಮನೆಯಲ್ಲಿ ಅವರೆಕಾಳನ್ನು ತಟ್ಟೆಯ ಅಂಚಿಗೆ ಸರಿಸುತ್ತಿದ್ದ ಮಗಳು ಅಂದು ಎರಡನೇ ಸಲ ಹಾಕಿಸಿಕೊಂಡಳು!

ಹೊಲದ ಭೇಟಿ ಮಾತ್ರ ನಿರಾಸೆ ತಂದಿತು. ಕರೆದೊಯ್ದದ್ದು ಮಾರ್ಚ್‌ನಲ್ಲಿ. ರಾಗಿ ಕೊಯ್ಲು ನವೆಂಬರ್, ಡಿಸೆಂಬರ್‌ಗೇ ಮುಗಿದಿರುತ್ತದೆ. ಕೂಳೆ ಬಿಟ್ಟರೆ ಹೊಲದಲ್ಲಿ ಏನಿರುತ್ತದೆ? ಮಕ್ಕಳು ಬಣವೆಯ ಮುಂದೆ ಫೋಟೊ ತೆಗೆಸಿಕೊಂಡು ಬಂದರು. ಅಕ್ಟೋಬರ್‌ನಲ್ಲಿ ಹೋಗಿದ್ದರೆ ತೆನೆ ಕಟ್ಟುತ್ತಿರುವ ರಾಗಿ, ಅದರ ನಡುವೆ ಅವರೆ, ತೊಗರಿ, ಹಳದಿ ಹೂ ಬಿಟ್ಟ ಹುಚ್ಚೆಳ್ಳಿನ ಅಕ್ಕಡಿ ಸಾಲು ಕಾಣುತ್ತಿದ್ದವು. ಒಂದೇ ಹೊಲದಲ್ಲಿ ಮುದ್ದೆಯೂ ಸಾರೂ ಬೆಳೆಯುವುದನ್ನು ಕಣ್ಣಾರೆ ನೋಡುತ್ತಿದ್ದರು.

ಹಣ್ಣಿನ ವಿಷಯದಲ್ಲೂ ತಕರಾರಿದೆ. ಭೌಗೋಳಿಕ ಸೂಚಕ ಪಡೆದ ದೇವನಹಳ್ಳಿ ಚಕ್ಕೋತ ಪಕ್ಕದಲ್ಲೇ ಇದೆ, ಸೀಬೆ ಧಾರಾಳವಾಗಿ ಸಿಗುತ್ತದೆ. ಆದರೂ ಮೇಣ ಹಚ್ಚಿದ ಸೇಬನ್ನೇ ಕೊಡುತ್ತಾರೆ.

ಎರಡನ್ನೂ ಶಾಲೆಗೆ ಬರೆದು ಕೊಟ್ಟಿದ್ದೇನೆ. ಹಣ್ಣು ಬದಲಿಸುವುದಾಗಿ ಹೇಳಿದ್ದಾರೆ. ಭೇಟಿಯ ತಿಂಗಳ ಬಗ್ಗೆ ಇನ್ನೂ ಉತ್ತರ ಬಂದಿಲ್ಲ. ಊಟಕ್ಕೆ ಧೈರ್ಯವಾಗಿ ಹೆಸರು ಬರೆಸಿ. ಹೊಲದ ಭೇಟಿಗೆ ಪ್ರತ್ಯೇಕ ಹಣ ಕೇಳಿದರೆ, ಯಾವ ತಿಂಗಳು ಎಂದು ವಿಚಾರಿಸಿಯೇ ಕಟ್ಟಿ.